ಹೊಣೆ ಕಂಪನಿಯದು, ಹೊರೆ ಊರಿನದು

ಹುಬ್ಬಳ್ಳಿಯ ದುರ್ಗದಬೈಲಿಗೂ ಧಾರವಾಡದ ಸುಭಾಸ ರಸ್ತೆಗೂ ದಿನಾ ಬೆಳಿಗ್ಗೆ ಸರಕಿನ ವ್ಯಾನುಗಳು ಬರುತ್ತವೆ. ಚಿಪ್ಸು, ಬಿಸ್ಕೀಟು, ಶಾಂಪೂ, ತಂಪು ಪಾನೀಯ, ಪಾನ್ ಮಸಾಲಾ ಇಳಿಸಿ, ಬಿಲ್ಲಿನ ಹಣ ವಸೂಲು ಮಾಡಿಕೊಂಡು ಬರಿದಾಗಿ ಮರಳುತ್ತವೆ. ಸರಕು ಎರಡು ದಿನದಲ್ಲಿ ಖರ್ಚಾಗುತ್ತದೆ. ಅದನ್ನು ಸುತ್ತಿದ್ದ ಪ್ಲಾಸ್ಟಿಕ್ಕು ಮಾತ್ರ ಊರಲ್ಲೇ ಉಳಿಯುತ್ತದೆ. ಅದನ್ನು ಗುಡಿಸುವವರು ಪೌರಕಾರ್ಮಿಕರು, ಹೊರುವುದು ಮಹಾನಗರ ಪಾಲಿಕೆಯ ಆಟೊ ಟಿಪ್ಪರ್, ಸುರಿಯುವುದು ಹುಬ್ಬಳ್ಳಿಯ ಕಾರವಾರ ರಸ್ತೆಯ ಕಸದ ಗುಡ್ಡಕ್ಕೆ ಅಥವಾ ಧಾರವಾಡದ ಹೊಸಯಲ್ಲಾಪುರದ ಗುಡ್ಡಕ್ಕೆ. ಟಿಪ್ಪರ್ ಕೈಗೆ ಸಿಗದೆ ಉಳಿದದ್ದು ಮೊದಲ ಮಳೆಗೆ ಉಣಕಲ್ ನಾಲಾ ಸೇರುತ್ತದೆ. ಈ ಎಲ್ಲ ಕೆಲಸದ ಖರ್ಚು ನಾವು ಕಟ್ಟುವ ಆಸ್ತಿ ತೆರಿಗೆಯಿಂದ, ಅದರ ಜೊತೆ ಸೇರಿಸಿ ಕಟ್ಟಿಸಿಕೊಳ್ಳುವ ಕಸದ ಸೆಸ್ಸಿನಿಂದ ಹೋಗುತ್ತದೆ.

ಆದರೆ ಈ ಪ್ಲಾಸ್ಟಿಕ್ಕನ್ನು ಮರಳಿ ಸಂಗ್ರಹಿಸಿ ಮರುಬಳಕೆಗೋ ಸುರಕ್ಷಿತ ವಿಲೇವಾರಿಗೋ ಕಳಿಸುವ ಹೊಣೆ ಕಾನೂನಿನ ಪ್ರಕಾರ ಅದರಲ್ಲಿ ಸರಕು ತುಂಬಿ ಮಾರಿದ ಕಂಪನಿಯದು. ಉತ್ಪಾದಕರ ವಿಸ್ತರಿತ ಹೊಣೆಗಾರಿಕೆ ಎಂಬ ಹೆಸರಿನಲ್ಲಿ ಈ ಕರ್ತವ್ಯ ನಮ್ಮ ನಿಯಮಗಳಲ್ಲಿ ಹತ್ತು ವರ್ಷಕ್ಕೂ ಮೇಲ್ಪಟ್ಟು ಇದೆ. ಕಂಪನಿಗಳು ಅದನ್ನು ಪೂರೈಸಿದ ಲೆಕ್ಕ ದೆಹಲಿಯ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿಯೂ ಸಿಗುತ್ತದೆ. ಆ ಲೆಕ್ಕಕ್ಕೂ ನಮ್ಮ ಓಣಿಯ ಗಟಾರಕ್ಕೂ ಸಂಬಂಧವೇ ಇಲ್ಲದಂತೆ ವ್ಯವಸ್ಥೆ ಕಟ್ಟಲಾಗಿದೆ ಎಂಬುದೇ ಇಲ್ಲಿನ ಮುಖ್ಯ ದೋಷ. ಕಂಪನಿ ಎಲ್ಲಿ ಮಾರಿ ಲಾಭ ಪಡೆಯಿತೋ ಅಲ್ಲಿಯೇ ತನ್ನ ಹೊಣೆಯನ್ನೂ ತೀರಿಸಬೇಕು. ಕಸ ಎತ್ತುವ ಪಾಲಿಕೆಗೆ ಮತ್ತು ಕಸ ಆಯುವ ಕೈಗಳಿಗೆ ಹಣ ಕೊಟ್ಟು ತೀರಿಸಬೇಕು. ಈ ಲೇಖನದ ವಾದ ಇಷ್ಟೇ.

ಮಾರಿದ್ದನ್ನು ಮರಳಿ ಪಡೆಯುವುದು ಉದ್ಯಮಕ್ಕೆ ಅಸಾಧ್ಯ ಎಂಬ ಮಾತನ್ನು ಮೊದಲು ಪರೀಕ್ಷಿಸೋಣ. ಗಾಜಿನ ಬಾಟಲಿಯ ಕಾಲವನ್ನು ಕಂಡವರು ನಮ್ಮಲ್ಲಿ ಇನ್ನೂ ಬೇಕಾದಷ್ಟು ಜನ ಇದ್ದಾರೆ. ಆಗ ಸೋಡಾ ಅಥವಾ ತಂಪು ಪಾನೀಯ ಕುಡಿದವರು ಅಂಗಡಿಯಲ್ಲೇ ನಿಂತು ಬಾಟಲಿ ಮರಳಿಸುತ್ತಿದ್ದರು. ಮನೆಗೆ ಒಯ್ಯುವುದಾದರೆ ಠೇವಣಿ ಇಡುತ್ತಿದ್ದರು. ಅಂಗಡಿಯವರು ಖಾಲಿ ಬಾಟಲಿಗಳನ್ನು ಕ್ರೇಟಿನಲ್ಲಿ ಜೋಡಿಸಿ ಇಡುತ್ತಿದ್ದರು. ತುಂಬಿದ ಕ್ರೇಟು ಇಳಿಸಿದ ಲಾರಿಯೇ ಖಾಲಿ ಕ್ರೇಟನ್ನು ಏರಿಸಿಕೊಂಡು ಹೋಗುತ್ತಿತ್ತು. ಬಾಟಲಿಗೆ ಬೆಲೆ ಇತ್ತು, ಅದು ಕಂಪನಿಯ ಸ್ವತ್ತಾಗಿತ್ತು, ಒಡೆದರೆ ನಷ್ಟ ಅದರದೇ ಆಗಿತ್ತು. ಹೀಗಾಗಿ ಯಾವ ಸರ್ಕಾರಿ ಆದೇಶವೂ ಇಲ್ಲದೆ, ಯಾವ ಪೋರ್ಟಲ್ಲೂ ಇಲ್ಲದೆ, ಹಳ್ಳಿಯ ಗೂಡಂಗಡಿಯಿಂದ ಕಾರ್ಖಾನೆಯವರೆಗೆ ಖಾಲಿ ಬಾಟಲಿ ತಾನೇ ದಾರಿ ಹಿಡಿದು ಹೋಗುತ್ತಿತ್ತು.

ಪೆಟ್ ಬಾಟಲಿ ಮತ್ತು ಸ್ಯಾಶೆ ಬಂದ ಮೇಲೆ ಕಂಪನಿಗಳಿಗೆ ಮೂರು ಲಾಭವಾಯಿತು. ಸಾಗಣೆಯ ತೂಕ ಇಳಿಯಿತು, ಒಡೆಯುವ ಭಯ ಹೋಯಿತು. ಬಾಟಲಿ ತೊಳೆಯುವ, ಮರಳಿ ಸಾಗಿಸುವ ಖರ್ಚು ಕಂಪನಿಯ ಪುಸ್ತಕದಿಂದ ಪೂರ್ತಿಯಾಗಿ ಮಾಯವಾಯಿತು. ಮಾಯವಾದ ಆ ಖರ್ಚು ಹೋಗಿ ಸೇರಿದ್ದು ಪುರಸಭೆ, ಪಾಲಿಕೆಗಳ ಪುಸ್ತಕಕ್ಕೆ. ಹಾಗೆ ಸೇರಲು ಯಾರೂ ಒಪ್ಪಂದ ಮಾಡಿಕೊಂಡಿರಲಿಲ್ಲ, ಯಾವ ಪಾಲಿಕೆಯ ಸಭೆಯಲ್ಲೂ ಠರಾವು ಪಾಸಾಗಿರಲಿಲ್ಲ.

ಕಾನೂನು ಈ ಬದಲಾವಣೆಯನ್ನು ತಡವಾಗಿ ಗಮನಿಸಿತು. ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಫಲವಾಗಿ ದೇಶಕ್ಕೆ 2000ದಲ್ಲಿ ಮೊದಲ ಬಾರಿಗೆ ನಗರ ಘನತ್ಯಾಜ್ಯದ ನಿಯಮಗಳು ಬಂದವು. ಮನೆಮನೆಯಿಂದ ಸಂಗ್ರಹ, ವಿಂಗಡಣೆ, ಗೊಬ್ಬರ ತಯಾರಿಕೆ ಇವೆಲ್ಲ ಕಡ್ಡಾಯವಾದದ್ದು ಆಗಲೇ. ಅದು ದೊಡ್ಡ ಹೆಜ್ಜೆ. ಆದರೆ ಆ ನಿಯಮಗಳು ಕೆಲಸವನ್ನೆಲ್ಲ ಸ್ಥಳೀಯ ಸಂಸ್ಥೆಯ ಹೆಗಲಿಗೆ ಹಾಕಿದವು. ಕಸವನ್ನು ಹುಟ್ಟಿಸುವ ಉದ್ಯಮ ಆ ಚಿತ್ರದಲ್ಲಿ ಇರಲಿಲ್ಲ.

ಅಷ್ಟರಲ್ಲಿ ಬೇರೆ ದೇಶಗಳಲ್ಲಿ ಯೋಚನೆ ಬೇರೆ ದಿಕ್ಕು ಹಿಡಿದಿತ್ತು. ಸ್ವೀಡನ್ನಿನ ಥಾಮಸ್ ಲಿಂಡ್‌ಕ್ವಿಸ್ಟ್ 1990ರಲ್ಲಿ ಅಲ್ಲಿನ ಪರಿಸರ ಇಲಾಖೆಗೆ ಕೊಟ್ಟ ವರದಿಯಲ್ಲಿ ಒಂದು ತತ್ವ ಮಂಡಿಸಿದರು: ವಸ್ತುವನ್ನು ತಯಾರಿಸಿದವರ ಹೊಣೆ ಅದನ್ನು ಮಾರಿದಲ್ಲಿಗೆ ಮುಗಿಯದು, ಅದು ಕಸವಾಗಿ ಕರಗುವವರೆಗೂ ಮುಂದುವರಿಯಬೇಕು. ಜರ್ಮನಿ 1991ರಲ್ಲಿ ಪ್ಯಾಕೇಜಿಂಗ್ ನಿಯಮಾವಳಿ ಹೊರಡಿಸಿ ಇದನ್ನು ಜಾರಿಗೆ ತಂದಿತು. ಕಂಪನಿಗಳು ಒಟ್ಟಾಗಿ ಹಣ ಕೊಟ್ಟು ನಡೆಸುವ ಪ್ರತ್ಯೇಕ ಸಂಗ್ರಹ ವ್ಯವಸ್ಥೆ ಅಲ್ಲಿನ ಮನೆಮನೆಗೆ ಬಂತು. ಫ್ರಾನ್ಸ್ 1992ರಲ್ಲಿ ಬೇರೆ ದಾರಿ ಹಿಡಿಯಿತು. ಅಲ್ಲಿ ಕಸ ಎತ್ತುವವರು ಪುರಸಭೆಯವರೇ; ಆದರೆ ಕಂಪನಿಗಳ ಶುಲ್ಕದಿಂದ ನಡೆಯುವ ಸಂಸ್ಥೆ ಆ ಪುರಸಭೆಗಳಿಗೆ ಹಣ ಕೊಡುತ್ತದೆ. ಮರುಬಳಕೆಗೆ ಒಗ್ಗದ ಪ್ಯಾಕೇಟಿಗೆ ಹೆಚ್ಚು ಶುಲ್ಕ, ಒಗ್ಗುವುದಕ್ಕೆ ಕಡಿಮೆ ಶುಲ್ಕ.

ಈ ತತ್ವದ ಬಲ ನ್ಯಾಯದಲ್ಲಿ ಅರ್ಧ, ವಿನ್ಯಾಸದಲ್ಲಿ ಇನ್ನರ್ಧ ಇದೆ. ಮಾಡಿದ್ದುಣ್ಣೋ ಮಹಾರಾಯ ಎಂಬುದು ನ್ಯಾಯದ ಮಾತು. ವಿನ್ಯಾಸದ ಮಾತು ಇನ್ನೂ ಮುಖ್ಯ. ಚಿಪ್ಸು, ಮಸಾಲೆ, ಪಾನ್ ಮಸಾಲಾ ತುಂಬುವ ಬಹುಪದರದ ಪ್ಯಾಕೇಟನ್ನು ನೋಡಿ: ಹೊರಗೆ ಮುದ್ರಣ ಹಿಡಿಯುವ ಒಂದು ಪ್ಲಾಸ್ಟಿಕ್ ಪದರ, ನಡುವೆ ತೇವ ತಡೆಯುವ ಅಲ್ಯುಮಿನಿಯಂ ಲೇಪ, ಒಳಗೆ ಕಾಯಿಸಿ ಅಂಟಿಸಲು ಬರುವ ಇನ್ನೊಂದು ಪ್ಲಾಸ್ಟಿಕ್. ಈ ಪದರಗಳನ್ನು ಮತ್ತೆ ಬಿಡಿಸುವುದು ದುಬಾರಿ ಕೆಲಸ, ಬಿಡಿಸದೆ ಕರಗಿಸಿದರೆ ಒಳ್ಳೆಯ ಪ್ಲಾಸ್ಟಿಕ್ ಕಾಳು ಬರುವುದಿಲ್ಲ. ಇದನ್ನು ಹೀಗೆಯೇ ಮಾಡಬೇಕು ಎಂದು ನಿರ್ಧರಿಸಿದವರು ಕಂಪನಿಯ ತಂತ್ರಜ್ಞರು. ಪಾಲಿಕೆ ಎಷ್ಟು ಗಾಡಿ ಓಡಿಸಿದರೂ, ಗೃಹಿಣಿ ಎಷ್ಟು ಶ್ರದ್ಧೆಯಿಂದ ಹಸಿ ಕಸ, ಒಣ ಕಸ ಬೇರೆ ಮಾಡಿದರೂ ಆ ಪ್ಯಾಕೇಟಿನ ಸ್ವಭಾವ ಬದಲಾಗದು. ಬದಲಿಸುವ ಶಕ್ತಿ ಇರುವವರ ಮೇಲೆಯೇ ಖರ್ಚು ಬಿದ್ದರೆ ಮಾತ್ರ ಬದಲಾವಣೆಗೆ ಕಾರಣ ಹುಟ್ಟುತ್ತದೆ.

ನಮ್ಮ 2016ರ ನಿಯಮಗಳು ಈ ಮರ್ಮವನ್ನು ಚೆನ್ನಾಗಿಯೇ ಅರಿತಿದ್ದವು. ಆ ವರ್ಷದ ಮಾರ್ಚ್‌ನಲ್ಲಿ ಹೊರಬಂದ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು, ಉತ್ಪಾದಕರು ಆರು ತಿಂಗಳೊಳಗೆ ರಾಜ್ಯದ ನಗರಾಭಿವೃದ್ಧಿ ಇಲಾಖೆಯನ್ನು ಸೇರಿಸಿಕೊಂಡು ಸಂಗ್ರಹ ವ್ಯವಸ್ಥೆ ರೂಪಿಸಬೇಕು ಎಂದವು. ಅದು ತಮ್ಮದೇ ವಿತರಣಾ ಜಾಲದ ಮೂಲಕವೋ ಸ್ಥಳೀಯ ಸಂಸ್ಥೆಯ ಮೂಲಕವೋ ನಡೆಯಬೇಕು ಎಂದವು. ಅಂದರೆ ಸರಕು ತಂದ ವ್ಯಾನೇ ಕಸವನ್ನೂ ಒಯ್ಯಬಹುದು ಎಂಬ ಕಲ್ಪನೆ ಅಲ್ಲಿತ್ತು. ಮರುಬಳಕೆಗೆ ಬಾರದ ಬಹುಪದರದ ಪ್ಯಾಕೇಟನ್ನು ಎರಡು ವರ್ಷದಲ್ಲಿ ನಿಲ್ಲಿಸಬೇಕು ಎಂದೂ ಇತ್ತು. ಅದೇ ವರ್ಷದ ಘನತ್ಯಾಜ್ಯ ನಿರ್ವಹಣಾ ನಿಯಮಗಳ 17ನೆಯ ನಿಯಮ ಇನ್ನೂ ಸ್ಪಷ್ಟವಾಗಿತ್ತು: ತವರ, ಗಾಜು, ಪ್ಲಾಸ್ಟಿಕ್ ಪ್ಯಾಕೇಜಿಂಗ್‌ನಂಥ ಬಳಸಿ ಬಿಸಾಡುವ ವಸ್ತುಗಳನ್ನು ಮಾರುಕಟ್ಟೆಗೆ ತರುವವರು ತ್ಯಾಜ್ಯ ವ್ಯವಸ್ಥೆ ಕಟ್ಟಲು ಸ್ಥಳೀಯ ಸಂಸ್ಥೆಗಳಿಗೆ ಹಣಕಾಸಿನ ನೆರವು ಕೊಡಬೇಕು, ಕೊಳೆಯದ ಪ್ಯಾಕೇಟಿನಲ್ಲಿ ಮಾರುವವರು ಅದನ್ನು ಮರಳಿ ಸಂಗ್ರಹಿಸುವ ವ್ಯವಸ್ಥೆ ಮಾಡಬೇಕು. ಸ್ಯಾನಿಟರಿ ಪ್ಯಾಡ್ ತಯಾರಕರು ಪ್ರತಿ ಪ್ಯಾಡಿನ ವಿಲೇವಾರಿಗೆ ಚೀಲ ಕೊಡುವ ಮಾತೂ ಅಲ್ಲಿಯೇ ಇತ್ತು.

ಎಷ್ಟು ಹಣ, ಯಾವ ದಿನಾಂಕದೊಳಗೆ, ಕೊಡದಿದ್ದರೆ ಏನು ಎಂಬ ಮೂರು ಪ್ರಶ್ನೆಗಳಿಗೆ ಮಾತ್ರ ಆ ನಿಯಮ ಉತ್ತರ ಹೇಳಲಿಲ್ಲ. ಮೊತ್ತವಿಲ್ಲದ ಕರ್ತವ್ಯವನ್ನು ಯಾರೂ ವಸೂಲು ಮಾಡಲಾರರು. ಮುಂದೆ 2018ರಲ್ಲಿ ತಿದ್ದುಪಡಿ ಬಂತು. ಬಹುಪದರದ ಪ್ಯಾಕೇಟು ಮರುಬಳಕೆಗೆ ಬಾರದಿದ್ದರೂ ಅದರಿಂದ ಶಕ್ತಿ ಪಡೆಯಲು ಬರುವಂತಿದ್ದರೆ ಅಥವಾ ಬೇರೆ ಉಪಯೋಗವಿದ್ದರೆ ಸಾಕು, ಅದನ್ನು ನಿಲ್ಲಿಸಬೇಕಿಲ್ಲ ಎಂದಾಯಿತು. ಸಿಮೆಂಟ್ ಕಾರ್ಖಾನೆಯ ಕುಲುಮೆಯಲ್ಲಿ ಸುಟ್ಟರೂ ಅದು ಶಕ್ತಿಯೇ. ಹೀಗೆ ಎರಡು ವರ್ಷದ ಗಡುವು ಬಂದಂತೆಯೇ ಹೋಯಿತು, ಪ್ಯಾಕೇಟು ಉಳಿಯಿತು.

ನಂತರ ಬಂದದ್ದು 2022ರ ಫೆಬ್ರುವರಿಯ ಮಾರ್ಗಸೂಚಿ. ಇದರ ಒಳ್ಳೆಯ ಅಂಶಗಳನ್ನು ಮರೆಮಾಚುವುದು ಸರಿಯಲ್ಲ. ಮೊದಲ ಬಾರಿಗೆ ಅಂಕಿಗಳು ಬಂದವು. ಗಟ್ಟಿ ಪ್ಲಾಸ್ಟಿಕ್, ತೆಳು ಪ್ಲಾಸ್ಟಿಕ್, ಬಹುಪದರ, ಗೊಬ್ಬರವಾಗುವ ಪ್ಲಾಸ್ಟಿಕ್ ಎಂದು ನಾಲ್ಕು ವರ್ಗ ಮಾಡಿ, 2023-24ರಿಂದ ಕಂಪನಿಗಳು ತಮ್ಮ ಪಾಲಿನ ಶೇ 100ರಷ್ಟಕ್ಕೆ ಲೆಕ್ಕ ಕೊಡಬೇಕು ಎಂದಾಯಿತು. ಗಟ್ಟಿ ಪ್ಲಾಸ್ಟಿಕ್ಕಿನ ಕನಿಷ್ಠ ಮರುಬಳಕೆ 2024-25ರಲ್ಲಿ ಶೇ 50ರಿಂದ ಆರಂಭವಾಗಿ 2027-28ಕ್ಕೆ ಶೇ 80ಕ್ಕೆ ಏರಬೇಕು. ಬಹುಪದರದ್ದು ಶೇ 30ರಿಂದ 60ಕ್ಕೆ. ಒಂದು ವರ್ಗದ ಪ್ಲಾಸ್ಟಿಕ್ಕಿಗೆ ಇನ್ನೊಂದು ವರ್ಗದ ಲೆಕ್ಕ ತೋರಿಸುವಂತಿಲ್ಲ. ಲೆಕ್ಕವನ್ನೇ ಕೊಡದಿದ್ದ ಸ್ಥಿತಿಗೆ ಹೋಲಿಸಿದರೆ ಇದು ಮುನ್ನಡೆ.

ಆದರೆ ಲೆಕ್ಕ ಕೊಡುವ ಬಗೆಯಲ್ಲಿ ಊರು ಕಳೆದುಹೋಯಿತು. ಕಂಪನಿ ಮಾಡಬೇಕಾದ್ದು ನೋಂದಾಯಿತ ಮರುಬಳಕೆದಾರರಿಂದ ಅಷ್ಟು ಟನ್ನಿನ ಪ್ರಮಾಣಪತ್ರ ಕೊಳ್ಳುವುದು. ಆ ಪ್ಲಾಸ್ಟಿಕ್ಕು ಗುಜರಾತಿನದೋ ತಮಿಳುನಾಡಿನದೋ, ಕಸದ ಗುಡ್ಡದಿಂದ ಬಂದದ್ದೋ ಕಾರ್ಖಾನೆಯ ಗೋದಾಮಿನಿಂದ ನೇರ ಬಂದದ್ದೋ, ವ್ಯತ್ಯಾಸವಿಲ್ಲ. ಹುಬ್ಬಳ್ಳಿಯಲ್ಲಿ ಸಾವಿರ ಟನ್ ಮಾರಿದ ಕಂಪನಿ ಇಲ್ಲಿಂದ ಒಂದು ಕಿಲೋ ಕೂಡ ಎತ್ತಿಸದೆ ತನ್ನ ಕರ್ತವ್ಯ ಪೂರೈಸಿದೆ ಎಂಬ ಮನ್ನಣೆ ಪಡೆಯಬಹುದು. ಠೇವಣಿ ಯೋಜನೆ, ಖಾಲಿ ಪ್ಯಾಕೇಟು ಮರಳಿ ಕೊಳ್ಳುವ ಯೋಜನೆ ಇವೆಲ್ಲ ಮಾರ್ಗಸೂಚಿಯಲ್ಲಿ ಇವೆ, ಆದರೆ ಕಂಪನಿಯ ಇಚ್ಛೆಗೆ ಬಿಟ್ಟಿವೆ. ಎರಡಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ವ್ಯವಹರಿಸುವ ಕಂಪನಿ ನೋಂದಣಿಯಾಗುವುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ. ಹುಬ್ಬಳ್ಳಿ-ಧಾರವಾಡದ ಮೇಯರ್ ಆಗಲಿ, ಆಯುಕ್ತರಾಗಲಿ ಆ ಕಂಪನಿಯನ್ನು ಕರೆದು ಕೇಳುವ ದಾರಿ ಇದರಲ್ಲಿ ಇಲ್ಲ.

ಕಾಗದದ ಮೇಲಿನ ಲೆಕ್ಕಕ್ಕೆ ಇನ್ನೊಂದು ಅಪಾಯವೂ ಇದೆ. ಕೇಂದ್ರ ಮಂಡಳಿ 2023ರಲ್ಲಿ ಪರಿಶೀಲಿಸಿದಾಗ ಗುಜರಾತ್, ಮಹಾರಾಷ್ಟ್ರ, ಕರ್ನಾಟಕಗಳ ನಾಲ್ಕು ಮರುಬಳಕೆ ಘಟಕಗಳು ಸುಮಾರು 6 ಲಕ್ಷ ನಕಲಿ ಪ್ರಮಾಣಪತ್ರ ಸೃಷ್ಟಿಸಿದ್ದು ಬಯಲಾಯಿತು. ಕಣ್ಣಿಗೆ ಕಾಣುವ ಊರಿನಲ್ಲಿ, ತೂಗಿ ನೋಡಬಹುದಾದ ತಕ್ಕಡಿಯ ಮುಂದೆ ನಡೆಯಬೇಕಾದ ಕೆಲಸ ದೂರದ ಕಂಪ್ಯೂಟರಿನಲ್ಲಿ ಮಾತ್ರ ನಡೆದರೆ ಇಂಥದ್ದು ಆಗುವುದೇ.

ಊರಿನಲ್ಲಿ ಕಸ ನಿಜವಾಗಿ ಹೇಗೆ ಚಲಿಸುತ್ತದೆ ಎಂದು ನೋಡಿದರೆ ಈ ದೋಷ ಇನ್ನೂ ಸ್ಪಷ್ಟವಾಗುತ್ತದೆ. ಹುಬ್ಬಳ್ಳಿ-ಧಾರವಾಡದ ಒಣ ಕಸದಲ್ಲಿ ಬೆಲೆ ಇರುವುದೆಲ್ಲ ಯಾರೂ ಹೇಳದೆಯೇ ಹೊರಡುತ್ತದೆ. ರದ್ದಿ ಪೇಪರು, ರಟ್ಟು, ಕಬ್ಬಿಣ, ತಾಮ್ರದ ತಂತಿ, ಪೆಟ್ ಬಾಟಲಿ, ಹಾಲಿನ ಪಾಕೀಟು ಇವೆಲ್ಲ ಕಸ ಆಯುವವರ ಚೀಲ ಸೇರಿ ಗುಜರಿ ಅಂಗಡಿಗೆ, ಅಲ್ಲಿಂದ ದೊಡ್ಡ ವ್ಯಾಪಾರಿಗೆ, ಅಲ್ಲಿಂದ ಬೇರೆ ಊರಿನ ಕಾರ್ಖಾನೆಗೆ ಹೋಗುತ್ತವೆ. ಬಿಸಿಲಲ್ಲಿ, ನಾಯಿ ಹಂದಿಗಳ ನಡುವೆ, ಕೈಗವಸೂ ಇಲ್ಲದೆ ಈ ಕೆಲಸ ಮಾಡುವವರು ಊರಿಗೂ ಕಂಪನಿಗೂ ಮಾಡುವ ಉಪಕಾರಕ್ಕೆ ಯಾವ ಕಡೆಯಿಂದಲೂ ಸಂಬಳವಿಲ್ಲ. ಸಿಗುವುದು ಗುಜರಿಯ ತೂಕದ ಹಣ ಮಾತ್ರ.

ಗುಜರಿ ಕೊಳ್ಳದ ವಸ್ತುವನ್ನು ಅವರು ಆಯುವುದಿಲ್ಲ, ಆಯಲು ಸಾಧ್ಯವೂ ಇಲ್ಲ. ಸಣ್ಣ ಪೆಟ್ ಬಾಟಲಿ ಐವತ್ತು ಅರವತ್ತು ಸೇರಿದರೆ ಒಂದು ಕಿಲೋ ಆಗುತ್ತದೆ. ಶಾಂಪೂ ಸ್ಯಾಶೆಯೋ ಪಾನ್ ಮಸಾಲೆಯ ಚೀಟಿಯೋ ಆದರೆ ಒಂದು ಕಿಲೋಗೆ ಸಾವಿರಕ್ಕೂ ಹೆಚ್ಚು ಬಾರಿ ಬಾಗಬೇಕು, ಬಾಗಿ ಆಯ್ದರೂ ಅದಕ್ಕೆ ಬೆಲೆ ಇಲ್ಲ. ಆದ್ದರಿಂದ ಗಟಾರದಲ್ಲಿ, ಹಳೇ ಬಸ್ ನಿಲ್ದಾಣದ ಸುತ್ತ, ಕಸದ ಗುಡ್ಡದಲ್ಲಿ ಕೊನೆಗೆ ಉಳಿಯುವುದು ಇವೇ. ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದು ಸುತ್ತಲಿನ ಬಡಾವಣೆಗಳಿಗೆ ಹೊಗೆ ನುಗ್ಗಿದಾಗ ಉರಿಯುವುದೂ ಇವೇ. ಮರಳಿ ಪಡೆಯುವ ಕಾನೂನು ಬೇಕಾಗಿರುವುದು ಈ ಬೆಲೆಯಿಲ್ಲದ ವಸ್ತುವಿಗೆ. ಬೆಲೆಯಿಲ್ಲದ ವಸ್ತುವಿಗೆ ಎತ್ತುವವರ ಕೈಯಲ್ಲಿ ಬೆಲೆ ಕಟ್ಟಿಕೊಡುವುದೇ ಈ ಕಾನೂನಿನ ಹೃದಯ ಆಗಬೇಕಿತ್ತು.

ಪಾನ್ ಮಸಾಲೆಯ ಚೀಟಿಯ ಕತೆ ಈ ವಿಷಯದಲ್ಲಿ ಪಾಠದಂತಿದೆ. ಸುಪ್ರೀಂ ಕೋರ್ಟಿನ 2010ರ ಡಿಸೆಂಬರ್ ಆದೇಶದ ನಂತರ, 2011ರಿಂದ ಗುಟ್ಕಾ, ತಂಬಾಕು, ಪಾನ್ ಮಸಾಲೆಯನ್ನು ಪ್ಲಾಸ್ಟಿಕ್ ಚೀಟಿಯಲ್ಲಿ ಮಾರುವುದು ನಿಷಿದ್ಧ. 2016ರ ನಿಯಮದಲ್ಲೂ ಆ ನಿಷೇಧ ಇದೆ. ಕರ್ನಾಟಕ 2013ರಲ್ಲಿ ಗುಟ್ಕಾವನ್ನೇ ನಿಷೇಧಿಸಿತು. ಪರಿಣಾಮ, ಒಂದರ ಬದಲು ಎರಡು ಚೀಟಿ: ಮಸಾಲೆ ಬೇರೆ, ತಂಬಾಕು ಬೇರೆ, ತಿನ್ನುವವರು ಕೈಯಲ್ಲಿ ಕೂಡಿಸಿಕೊಳ್ಳುತ್ತಾರೆ. ರಸ್ತೆಗೆ ಬೀಳುವ ಚೀಟಿ ದುಪ್ಪಟ್ಟಾಯಿತು. ನಿಷೇಧ ಹೊರಡಿಸುವುದು ಸುಲಭ. ತಯಾರಕರ ಜೇಬಿಗೆ ತಾಗುವ ಲೆಕ್ಕವಿಲ್ಲದ ನಿಷೇಧಕ್ಕೆ ಅಡ್ಡದಾರಿ ಹುಡುಕುವುದು ಅದಕ್ಕಿಂತ ಸುಲಭ.

ಇ-ತ್ಯಾಜ್ಯದಲ್ಲೂ ಇದೇ ಹಾದಿ. 2011ರಲ್ಲಿ ಬಂದು 2012ರ ಮೇ ತಿಂಗಳಿಂದ ಜಾರಿಯಾದ ನಿಯಮಗಳು ಮತ್ತು 2016ರ ನಿಯಮಗಳು ಸಂಗ್ರಹ ಕೇಂದ್ರ, ಮರಳಿ ಪಡೆಯುವ ವ್ಯವಸ್ಥೆಗೆ ಒತ್ತು ಕೊಟ್ಟಿದ್ದವು. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಹೊಸ ನಿಯಮಗಳು ವಸ್ತುಗಳ ಪಟ್ಟಿಯನ್ನು 106ಕ್ಕೆ ವಿಸ್ತರಿಸಿದವು, ಆದರೆ ಕರ್ತವ್ಯವನ್ನು ಮರುಬಳಕೆದಾರರ ಪ್ರಮಾಣಪತ್ರದ ಕಡೆಗೆ ತಿರುಗಿಸಿದವು. ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯಲ್ಲಿ ಟಿವಿ ಕೊಂಡವರಿಗೆ ಅದು ಕೆಟ್ಟಾಗ ಎಲ್ಲಿ ಮರಳಿಸಬೇಕು ಎಂಬುದಕ್ಕೆ ಇಂದಿಗೂ ಸುಲಭವಾದ ಉತ್ತರ ಗುಜರಿ ಅಂಗಡಿಯೇ. ಇದಕ್ಕೆ ಹೋಲಿಸಿದರೆ ವಾಹನದ ಸೀಸದ ಬ್ಯಾಟರಿ ಮಾತ್ರ ಹಳೆಯದು ಕೊಟ್ಟು ಹೊಸದು ಪಡೆಯುವ ಪದ್ಧತಿಯಲ್ಲಿ ಅಂಗಡಿಗೇ ಮರಳುತ್ತದೆ. 2001ರ ಬ್ಯಾಟರಿ ನಿಯಮಗಳು ಮಾರಾಟಗಾರರಿಗೇ ಹಳೆಯದನ್ನು ಪಡೆಯುವ ಹೊಣೆ ಕೊಟ್ಟಿದ್ದವು, ಸೀಸಕ್ಕೆ ಬೆಲೆಯೂ ಇತ್ತು. ಕೊಳ್ಳುವ ಜಾಗದಲ್ಲೇ ಮರಳಿಸುವ ಜಾಗ, ಮರಳಿಸಿದ್ದಕ್ಕೆ ಕೈಗೆ ಹಣ: ಈ ಎರಡು ಸೇರಿದಲ್ಲಿ ವಸ್ತು ಮರಳುತ್ತದೆ.

ಹೊಣೆ ತಪ್ಪಿದಾಗ ದಂಡ ಯಾರ ಮೇಲೆ ಬಿತ್ತು ಎಂಬುದನ್ನೂ ಕೇಳಬೇಕು. ಘನ ಮತ್ತು ದ್ರವ ತ್ಯಾಜ್ಯದ ನಿರ್ವಹಣೆಯಲ್ಲಿ ಸೋತಿದ್ದಕ್ಕಾಗಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2022ರ ಅಕ್ಟೋಬರ್‌ನಲ್ಲಿ ಕರ್ನಾಟಕ ಸರ್ಕಾರಕ್ಕೆ 2,900 ಕೋಟಿ ರೂಪಾಯಿ ಪರಿಸರ ಪರಿಹಾರ ವಿಧಿಸಿತು. ಸರ್ಕಾರದ ಹಣ ಎಂದರೆ ಜನರ ಹಣ. ಇನ್ನೊಂದು ಕಡೆ, 2016ರ ರಾಜ್ಯದ ಪ್ಲಾಸ್ಟಿಕ್ ನಿಷೇಧ, 2022ರ ಜುಲೈನ ರಾಷ್ಟ್ರೀಯ ನಿಷೇಧಗಳ ಹೆಸರಿನಲ್ಲಿ ಪಾಲಿಕೆಯ ದಾಳಿ ನಡೆಯುವುದು ಕೈಚೀಲ ಇಟ್ಟುಕೊಂಡ ತರಕಾರಿಯವರ ಮೇಲೆ, ಹೂವಿನವರ ಮೇಲೆ, ಸಣ್ಣ ಕಿರಾಣಿ ಅಂಗಡಿಯ ಮೇಲೆ. ಅದೇ ಅಂಗಡಿಯಲ್ಲಿ ಸಾಲಾಗಿ ತೂಗುಬಿಟ್ಟ ಬ್ರ್ಯಾಂಡಿನ ಪ್ಯಾಕೇಟುಗಳನ್ನು ಆ ದಾಳಿ ಮುಟ್ಟುವುದಿಲ್ಲ, ಏಕೆಂದರೆ ಅವು ನಿಷೇಧದ ಪಟ್ಟಿಯಲ್ಲಿ ಇಲ್ಲ. ಬಡ ವ್ಯಾಪಾರಿಗೆ ಸ್ಥಳದಲ್ಲೇ ದಂಡ, ದೊಡ್ಡ ಕಂಪನಿಗೆ ವರ್ಷಕ್ಕೊಮ್ಮೆ ವರದಿ. ಕಾನೂನಿನ ಬಗ್ಗೆ ಜನರಿಗೆ ಗೌರವ ಉಳಿಯಬೇಕಾದರೆ ಈ ಅಂತರ ಉಳಿಯಬಾರದು.

ಈ ವಾದಕ್ಕೆ ಎದುರು ಬರುವ ಆಕ್ಷೇಪಗಳು ಗಂಭೀರವಾಗಿಯೇ ಇವೆ. ಮೊದಲನೆಯದು, ಕಸ ಒಗೆಯುವವರು ಜನರು, ಕಂಪನಿ ಏನು ಮಾಡೀತು ಎಂಬುದು. ಜನರ ತಪ್ಪು ಇದೆ, ಅದಕ್ಕೆ ದಂಡವೂ ಇರಲಿ. ಆದರೆ ಅತ್ಯಂತ ಶಿಸ್ತಿನ ನಾಗರಿಕರು ಬಹುಪದರದ ಪ್ಯಾಕೇಟನ್ನು ಮಡಿಚಿ ಒಣ ಕಸದ ಬುಟ್ಟಿಗೇ ಹಾಕಿದರೂ ಅದು ಹೋಗುವುದು ಗುಡ್ಡಕ್ಕೆ ಅಥವಾ ಸಿಮೆಂಟ್ ಕುಲುಮೆಗೆ, ಸಾಗಣೆಯ ಖರ್ಚು ಪಾಲಿಕೆಯದೇ. ನಾಗರಿಕರ ಶಿಸ್ತು ರಸ್ತೆಯನ್ನು ಸ್ವಚ್ಛವಾಗಿಡಬಲ್ಲದು, ಖರ್ಚು ಯಾರದು ಎಂಬ ಪ್ರಶ್ನೆಯನ್ನು ಅದು ಬಗೆಹರಿಸದು.

ಎರಡನೆಯದು, ಬೆಲೆ ಏರಿ ಬಡವರಿಗೆ ಹೊರೆಯಾಗುತ್ತದೆ ಎಂಬುದು. ಲೆಕ್ಕ ಹಾಕಿ ನೋಡೋಣ. ಖಾಲಿ ಸ್ಯಾಶೆಯ ತೂಕ ಒಂದು ಗ್ರಾಂ ಎಂದುಕೊಂಡು, ಅದನ್ನು ಎತ್ತಿ ಸಾಗಿಸಲು ಕಿಲೋಗೆ 20 ರೂಪಾಯಿ ಕೊಡಬೇಕು ಎಂದುಕೊಂಡರೆ, ಒಂದು ಸ್ಯಾಶೆಗೆ ಬೀಳುವುದು 2 ಪೈಸೆ. ಈಗ ಆ ಖರ್ಚು ಇಲ್ಲವೇ ಎಂದರೆ ಇದೆ. ಪ್ಯಾಕೇಟಿನ ಸರಕು ಕೊಳ್ಳುವವರೂ ಕೊಳ್ಳದವರೂ ಸಮನಾಗಿ ಅದನ್ನು ತೆರಿಗೆಯಲ್ಲಿ ಕಟ್ಟುತ್ತಿದ್ದಾರೆ. ಗುಡ್ಡದ ಪಕ್ಕದಲ್ಲಿ ಮನೆ ಮಾಡಿಕೊಂಡ ಬಡವರು ಅದನ್ನು ಉಸಿರಿನಲ್ಲೂ ಕಟ್ಟುತ್ತಿದ್ದಾರೆ.

ಮೂರನೆಯದು, ಬೆಳೆಯುತ್ತಿರುವ ಈ ಭಾಗದ ಉದ್ಯಮಕ್ಕೆ ಪೆಟ್ಟು ಬೀಳುತ್ತದೆ ಎಂಬುದು. ಅತಿ ಸಣ್ಣ ಮತ್ತು ಸಣ್ಣ ಉದ್ದಿಮೆಯ ಬ್ರ್ಯಾಂಡುಗಳಿಗೆ ಕೇಂದ್ರದ ಮಾರ್ಗಸೂಚಿಯಲ್ಲಿ ವಿನಾಯಿತಿ ಇದೆ, ಅದು ಇರಲಿ. ಪೇಡೆಯ ಅಂಗಡಿಯನ್ನೂ ಮನೆಯಲ್ಲಿ ಹಪ್ಪಳ ಮಾಡುವ ಸ್ವಸಹಾಯ ಸಂಘವನ್ನೂ ಯಾರೂ ಕಾಡಬೇಕಿಲ್ಲ. ಆದರೆ ಹುಬ್ಬಳ್ಳಿ-ಧಾರವಾಡಕ್ಕೆ ದಿನಬಳಕೆಯ ಸರಕಿನ ದೊಡ್ಡ ಕಂಪನಿಗಳನ್ನು ಕರೆತರಲು ರಾಜ್ಯ ಸರ್ಕಾರ ಎಫ್‌ಎಂಸಿಜಿ ಕ್ಲಸ್ಟರ್ ಎಂದು ವಿಶೇಷ ಪ್ರೋತ್ಸಾಹ ಘೋಷಿಸಿದೆ. ಪ್ಯಾಕೇಜಿಂಗ್ ಫಿಲ್ಮ್ ತಯಾರಿಸುವ ಯೂಫ್ಲೆಕ್ಸ್‌ನಂಥ ದೊಡ್ಡ ಸಂಸ್ಥೆಯ ಘಟಕ ಧಾರವಾಡದಲ್ಲೇ ಇದೆ. ಪ್ಯಾಕೇಟಿನ ಹಾಳೆ ತಯಾರಾಗುವ, ಸರಕು ತುಂಬುವ, ಮಾರುವ, ಕೊನೆಗೆ ಎಸೆಯುವ ನಾಲ್ಕೂ ಹಂತ ಒಂದೇ ಸೀಮೆಯಲ್ಲಿ ಸೇರಿರುವುದು ತೊಂದರೆಯಲ್ಲ, ಅವಕಾಶ. ಬಿಡಿಸಲು ಬಾರದ ಪದರಗಳ ಬದಲು ಒಂದೇ ಬಗೆಯ ಪ್ಲಾಸ್ಟಿಕ್ಕಿನ ಪ್ಯಾಕೇಟು, ಮರುಬಳಕೆಯ ಘಟಕ, ಅದರ ಸುತ್ತ ಉದ್ಯೋಗ ಇವೆಲ್ಲ ಇಲ್ಲಿಯೇ ಬೆಳೆಯಬಹುದು. ಭೂಮಿ, ನೀರು, ತೆರಿಗೆ ರಿಯಾಯಿತಿ ಕೊಡುವ ಸರ್ಕಾರ ಪ್ರತಿಯಾಗಿ ಅವಳಿ ನಗರದ ಕಸದ ಹೊಣೆ ಕೇಳುವುದು ಅನ್ಯಾಯವಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಕಠಿಣ: ಪಾಲಿಕೆಗೆ ಹಣ ಕೊಟ್ಟರೆ ಅದು ಕಸಕ್ಕೇ ಖರ್ಚಾಗುತ್ತದೆ ಎಂದು ನಂಬುವುದು ಹೇಗೆ? ಈ ಅನುಮಾನಕ್ಕೆ ಕಾರಣಗಳಿವೆ. ಉತ್ತರವೂ ಇದೆ. ಹಣ ಪ್ರತ್ಯೇಕ ಖಾತೆಗೆ ಬರಲಿ, ತೂಕಕ್ಕೆ ತಕ್ಕಂತೆ ಬರಲಿ, ಪ್ರತಿ ವಾರ್ಡಿನ ಒಣ ಕಸದ ಕೇಂದ್ರದಲ್ಲಿ ತೂಗಿದ ಬೆಲೆಯಿಲ್ಲದ ಪ್ಲಾಸ್ಟಿಕ್ಕಿಗೆ ಆಯುವವರ ಬ್ಯಾಂಕ್ ಖಾತೆಗೆ ನೇರ ಜಮೆಯಾಗಲಿ. ಬೆಂಗಳೂರಿನಲ್ಲಿ ಕಸ ಆಯುವವರಿಗೆ ಪಾಲಿಕೆ 2011ರಿಂದಲೇ ಗುರುತಿನ ಚೀಟಿ ಕೊಟ್ಟಿತು, ಹಲವು ವಾರ್ಡುಗಳ ಒಣ ಕಸ ಕೇಂದ್ರಗಳನ್ನು ಅವರೇ ನಡೆಸುತ್ತಾರೆ. ಅಲ್ಲಿ ಆದದ್ದು 82 ವಾರ್ಡುಗಳ ನಮ್ಮ ಪಾಲಿಕೆಯಲ್ಲಿ ಆಗದು ಎನ್ನಲು ಕಾರಣವಿಲ್ಲ.

ಮಾಡಬೇಕಾದ್ದು ಏನು ಎಂಬುದು ಇಷ್ಟರಲ್ಲಿ ಸ್ಪಷ್ಟವಾಗಿದೆ. ಮೊದಲು ಪಾಲಿಕೆ ತನ್ನ ಒಣ ಕಸವನ್ನು ವರ್ಷಕ್ಕೆ ಎರಡು ಬಾರಿಯಾದರೂ ಬ್ರ್ಯಾಂಡಿನ ಪ್ರಕಾರ ವಿಂಗಡಿಸಿ, ತೂಗಿ, ಫಲಿತಾಂಶ ಪ್ರಕಟಿಸಬೇಕು. ಯಾವ ಕಂಪನಿಯ ಎಷ್ಟು ಪ್ಯಾಕೇಟು ಇಲ್ಲಿ ಬಿದ್ದಿದೆ ಎಂಬ ಅಂಕಿ ಕೈಯಲ್ಲಿ ಇಲ್ಲದೆ ಯಾರನ್ನೂ ಕೇಳಲಾಗದು. ಕರ್ನಾಟಕ ವಿಶ್ವವಿದ್ಯಾಲಯದ, ಕೃಷಿ ವಿಶ್ವವಿದ್ಯಾಲಯದ, ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಇರುವ ಊರಿನಲ್ಲಿ ಇದು ಹೆಚ್ಚು ಖರ್ಚಿನ ಕೆಲಸವೂ ಅಲ್ಲ. ಎರಡನೆಯದಾಗಿ ರಾಜ್ಯ ಸರ್ಕಾರ ಕೇಂದ್ರದ ಮುಂದೆ ಸ್ಪಷ್ಟ ಬೇಡಿಕೆ ಇಡಬೇಕು: ಕಂಪನಿಯ ಪ್ರಮಾಣಪತ್ರದಲ್ಲಿ ಪ್ಲಾಸ್ಟಿಕ್ಕು ಎತ್ತಿದ ಊರಿನ ಹೆಸರು ಇರಬೇಕು, ರಾಜ್ಯದಲ್ಲಿ ಮಾರಿದ ಪ್ರಮಾಣದ ಗೊತ್ತಾದ ಪಾಲು ಇದೇ ರಾಜ್ಯದ ಸ್ಥಳೀಯ ಸಂಸ್ಥೆಗಳ ಮೂಲಕ ಬರಬೇಕು, 2016ರ ಆ 17ನೆಯ ನಿಯಮದ ಆಶಯಕ್ಕೆ ಕಿಲೋಗೆ ಇಷ್ಟು ರೂಪಾಯಿ ಎಂಬ ಮೊತ್ತ ಸಿಗಬೇಕು.

ಮೂರನೆಯದು ಠೇವಣಿ. ನೆರೆಯ ತಮಿಳುನಾಡಿನ ನೀಲಗಿರಿಯಲ್ಲಿ ಮದ್ರಾಸ್ ಹೈಕೋರ್ಟಿನ ಒತ್ತಾಯದಿಂದ 2022ರಲ್ಲಿ ಸರ್ಕಾರಿ ಮದ್ಯದಂಗಡಿಗಳು ಪ್ರತಿ ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ಮರಳಿಸಿದರೆ ಆ ಹಣ ಹಿಂದಿರುಗಿಸಲು ಆರಂಭಿಸಿದವು. ಕಾಡಿನ ದಾರಿಯಲ್ಲಿ ಒಡೆದು ಆನೆಗಳ ಕಾಲಿಗೆ ಚುಚ್ಚುತ್ತಿದ್ದ ಬಾಟಲಿಗಳು ಅಂಗಡಿಗೆ ಮರಳತೊಡಗಿದವು. ನೆರೆಯ ಗೋವಾ 2024ರಲ್ಲಿ ಠೇವಣಿ ಯೋಜನೆಯನ್ನೇ ಅಧಿಸೂಚನೆಯಾಗಿ ಹೊರಡಿಸಿತು. ಮಹಾರಾಷ್ಟ್ರ 2018ರಲ್ಲಿ ಹಾಲಿನ ಪಾಕೀಟು, ಪೆಟ್ ಬಾಟಲಿಗೆ ಮರುಖರೀದಿ ಬೆಲೆ ನಿಗದಿ ಮಾಡಿ ಜಾರಿಯಲ್ಲಿ ಎಡವಿತು, ಅದರಿಂದಲೂ ಕಲಿಯುವುದಿದೆ: ಅಂಗಡಿಯವರಿಗೆ ಕೆಲಸದ ಕೂಲಿ ಸಿಗದೆ, ಕಂಪನಿಯ ವಾಹನ ಒಯ್ಯುವ ಕಟ್ಟುಪಾಡು ಇಲ್ಲದೆ ಠೇವಣಿ ನಡೆಯದು. ಕರ್ನಾಟಕದಲ್ಲಿ ಮದ್ಯದ ಬಾಟಲಿ, ನೀರಿನ ಬಾಟಲಿ, ತಂಪು ಪಾನೀಯದಿಂದ ಆರಂಭಿಸಬಹುದು. ಅವಳಿ ನಗರವೇ ಅದರ ಮೊದಲ ಪ್ರಯೋಗಭೂಮಿ ಆಗಬಹುದು.

ಇವೆಲ್ಲ ಮೇಲಿನಿಂದ ತಾವಾಗಿ ಬರುವುದಿಲ್ಲ. ಜನ ಕೇಳಿದರೆ ಮಾತ್ರ ಬರುತ್ತವೆ, ಕೇಳುವುದಕ್ಕೆ ಸರಿಯಾದ ಜಾಗ ಪಾಲಿಕೆಯ ಬಜೆಟ್. ಪ್ರತಿ ವರ್ಷ ಅದರ ಖರ್ಚಿನ ಪುಟದಲ್ಲಿ ಘನತ್ಯಾಜ್ಯಕ್ಕೆ ದೊಡ್ಡ ಮೊತ್ತ ಬರೆಯಲಾಗುತ್ತದೆ. ಎದುರಿನ ಆದಾಯದ ಪುಟದಲ್ಲಿ ಆಸ್ತಿ ತೆರಿಗೆ ಇರುತ್ತದೆ, ನೀರಿನ ಕರ ಇರುತ್ತದೆ, ಸೆಸ್ಸು ಇರುತ್ತದೆ, ಸರ್ಕಾರದ ಅನುದಾನ ಇರುತ್ತದೆ. ಪ್ಯಾಕೇಟಿನಲ್ಲಿ ಸರಕು ಮಾರಿದ ಕಂಪನಿಗಳಿಂದ ಕಸದ ಬಾಬತ್ತು ಬಂದದ್ದು ಎಂಬ ಒಂದು ಸಾಲೂ ಆ ಪುಟದಲ್ಲಿ ಇರಬೇಕು. ಅದು ಇದೆಯೇ, ಇದ್ದರೆ ಎಷ್ಟು, ಇಲ್ಲದಿದ್ದರೆ ಏಕಿಲ್ಲ ಎಂದು ಪ್ರತಿ ವಾರ್ಡಿನ ಮತದಾರರು ತಮ್ಮ ಸದಸ್ಯರನ್ನು ಕೇಳಬೇಕು, ಉತ್ತರ ಸಿಗುವವರೆಗೆ ಪ್ರತಿ ಬಜೆಟ್ಟಿನಲ್ಲೂ ಕೇಳಬೇಕು.